ಕರಗದೆ ಹಠ ಹಿಡಿದ ಸೋಲ್ಡರ್: ಬೋರ್ಡ್ ಕೆಡದ ಹಾಗೆ ಬಿಡಿಸುವುದು ಹೇಗೆ?

ಹಳೆಯ ಕಂಪ್ಯೂಟರೊಂದರ ಮದರ್‌ಬೋರ್ಡ್. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳು, ಅಂದರೆ ಕರೆಂಟ್ ಕೂಡಿಟ್ಟುಕೊಳ್ಳುವ ಸಣ್ಣ ಡಬ್ಬಿಗಳು, ತಲೆ ಉಬ್ಬಿಸಿಕೊಂಡು ಕೂತಿದ್ದವು. ಅವನ್ನು ಬದಲಾಯಿಸಿದರೆ ಬೋರ್ಡ್ ಉಳಿಯುತ್ತದೆ ಎಂದು ಗೊತ್ತಿತ್ತು. ಬಿಡಿಭಾಗಗಳ ಕಾಲನ್ನು ಬೋರ್ಡಿಗೆ ಬೆಸೆಯುವ ಲೋಹವೇ ಸೋಲ್ಡರ್. ಅದನ್ನು ಕರಗಿಸಲು ಕೈಯಲ್ಲಿದ್ದದ್ದು 25 ವಾಟ್‌ನ ಸೋಲ್ಡರಿಂಗ್ ಐರನ್. ಕೆಪಾಸಿಟರ್‌ನ ಒಂದು ಕಾಲಿಗೆ ಇಟ್ಟೆ, ಮೂರ್ನಾಲ್ಕು ಸೆಕೆಂಡಿಗೆ ಸೋಲ್ಡರ್ ಕರಗಿತು. ಪಕ್ಕದ ಕಾಲಿಗೆ ಇಟ್ಟೆ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು, ಸೋಲ್ಡರ್ ಜಪ್ಪಯ್ಯ ಅನ್ನಲಿಲ್ಲ. ಸಿಟ್ಟು ಬಂತು. ಐರನ್ ಒತ್ತಿ ಹಿಡಿದು, ಆ ಕಡೆಯಿಂದ ಕೆಪಾಸಿಟರ್ ಹಿಡಿದು ಎಳೆದೆ. ಬಂತು. ಆದರೆ ತೂತಿನ ಒಳಗಿದ್ದ ತಾಮ್ರದ ಲೇಪ, ಅದರ ಸುತ್ತಲಿನ ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಬಿಲ್ಲೆ) ಎಲ್ಲ ಕಾಲುಂಗುರದ ಹಾಗೆ ಕೆಪಾಸಿಟರ್‌ನ ಕಾಲಿಗೇ ಅಂಟಿಕೊಂಡು ಬಂದವು.

ಆಮೇಲೆ ಅರ್ಥವಾಯಿತು. ಬೋರ್ಡ್ ಹಾಳು ಮಾಡಿದ್ದು ಸೋಲ್ಡರ್ ಅಲ್ಲ, ನನ್ನ ಕೈ. ಸೋಲ್ಡರ್ ಕರಗದೆ ಕೂತರೆ ನಾವು ಮಾಡುವುದು ಎರಡೇ ಕೆಲಸ: ಇನ್ನಷ್ಟು ಒತ್ತುತ್ತೇವೆ, ಇಲ್ಲವೇ ಬಿಸಿ ಏರಿಸುತ್ತೇವೆ. ಎರಡೂ ತಪ್ಪು. ಬಹಳಷ್ಟು ಸಲ ಐರನ್‌ನ ತುದಿಯಲ್ಲಿ, ಅಂದರೆ ಟಿಪ್‌ನಲ್ಲಿ, ಬೇಕಾದಷ್ಟು ಬಿಸಿ ಇರುತ್ತದೆ, ಅದು ಜಾಯಿಂಟ್‌ಗೆ (ಬೆಸೆದ ಜಾಗಕ್ಕೆ) ದಾಟುತ್ತಿರುವುದಿಲ್ಲ ಅಷ್ಟೇ. ಅದನ್ನು ದಾಟಿಸುವ ಉಪಾಯ ಕೇಳಿದರೆ ಮೊದಲು ತಮಾಷೆ ಅನ್ನಿಸುತ್ತದೆ: ಹಳೇ ಸೋಲ್ಡರ್ ತೆಗೆಯಬೇಕಾದರೆ ಮೊದಲು ಅದರ ಮೇಲೆ ಹೊಸ ಸೋಲ್ಡರ್ ಹಾಕಬೇಕು.

ಯಾಕೆ ಕರಗುತ್ತಿಲ್ಲ ಎಂದು ಮೊದಲು ನೋಡಿ

ಐರನ್ ಕಾಯಲು ಇಡುವ ಮುಂಚೆ ಜಾಯಿಂಟ್ ಅನ್ನು ಚೆನ್ನಾಗಿ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೂ ಸಾಕು.

ಹಳೇ ಕಾಲದ ಸೋಲ್ಡರ್‌ನಲ್ಲಿ 63 ಭಾಗ ತವರ, 37 ಭಾಗ ಸೀಸ. ಅದು 183 ಡಿಗ್ರಿ ಸೆಲ್ಸಿಯಸ್‌ಗೆ ಬೆಣ್ಣೆಯಂತೆ ಕರಗುತ್ತದೆ. 2006ರ ಜುಲೈ 1ರಿಂದ ಯುರೋಪಿನಲ್ಲಿ ಮಾರುವ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಬಿತ್ತು. ಅಲ್ಲಿಗೆ ಒಂದು, ಇಲ್ಲಿಗೆ ಒಂದು ಎಂದು ಯಾರು ಮಾಡುತ್ತಾರೆ? ನಮ್ಮ ಮನೆಗೆ ಬರುವ ಬೋರ್ಡ್‌ಗಳೂ ಬಹುಪಾಲು ಸೀಸ ಬಿಟ್ಟವು. ಸೀಸ ಬಿಟ್ಟ ಸೋಲ್ಡರ್‌ನಲ್ಲಿ ಹೆಚ್ಚಿನದು 96.5 ಭಾಗ ತವರ, 3 ಭಾಗ ಬೆಳ್ಳಿ, 0.5 ಭಾಗ ತಾಮ್ರದ ಮಿಶ್ರಣ. 217ರಿಂದ 220 ಡಿಗ್ರಿಗೆ ಕರಗುತ್ತದೆ. ಬರೀ ತವರ ಮತ್ತು ಚೂರು ತಾಮ್ರದ್ದು ಇನ್ನೂ ಅಗ್ಗ, ಅದಕ್ಕೆ 227 ಡಿಗ್ರಿ ಬೇಕು. ಮೂವತ್ತು ನಲವತ್ತು ಡಿಗ್ರಿ ವ್ಯತ್ಯಾಸ ಕಡಿಮೆ ಅನ್ನಿಸಬಹುದು. ಸಣ್ಣ ಐರನ್ ಸೋಲುವುದು ಅಲ್ಲೇ. ಸೀಸ ಇಲ್ಲದ ಜಾಯಿಂಟ್ ಹೊಳೆಯುವುದಿಲ್ಲ, ಸ್ವಲ್ಪ ಮಂಕಾಗಿ, ತರಿತರಿಯಾಗಿ ಕಾಣುತ್ತದೆ.

ಎರಡನೆಯದು ವಯಸ್ಸು. ಹತ್ತು ವರ್ಷ ಗಾಳಿಗೆ ಬಿದ್ದ ಸೋಲ್ಡರ್ ಮೇಲೆ ಕಣ್ಣಿಗೆ ಕಾಣದ ಕಿಲುಬಿನ ಪದರ ಇರುತ್ತದೆ. ಐರನ್ ಇಟ್ಟರೂ ಲೋಹಕ್ಕೆ ಲೋಹ ತಾಗುವುದಿಲ್ಲ.

ಮೂರನೆಯದು, ನನ್ನನ್ನು ಸೋಲಿಸಿದ್ದು, ಗ್ರೌಂಡ್ ಪಿನ್, ಅಂದರೆ ಬೋರ್ಡಿನ ಮೈನಸ್‌ಗೆ ಸೇರುವ ಕಾಲು. ಮದರ್‌ಬೋರ್ಡ್ ಅಂದರೆ ಒಂದೇ ಹಾಳೆ ಅಲ್ಲ. ಒಳಗೆ ತಾಮ್ರದ ಹಲವು ಪದರಗಳಿವೆ. ಗ್ರೌಂಡ್‌ಗೆ ಹೋಗುವ ಕಾಲು ಇಡೀ ಬೋರ್ಡಿನಷ್ಟು ಅಗಲದ ತಾಮ್ರದ ಪದರಕ್ಕೆ ಕೂಡಿಕೊಂಡಿರುತ್ತದೆ. ನೀವು ಕೊಟ್ಟ ಬಿಸಿಯನ್ನೆಲ್ಲ ಅದು ಹೀರಿಕೊಂಡು ಊರೆಲ್ಲ ಹಂಚಿಬಿಡುತ್ತದೆ.

ಇವಲ್ಲದೆ ಬೋರ್ಡ್ ಮೇಲೆ ವಾರ್ನಿಶ್ ಥರದ ಲೇಪ ಇರಬಹುದು, ಬಿಳಿ ಅಂಟು ಇರಬಹುದು. ವಾಷಿಂಗ್ ಮಷಿನ್ ಬೋರ್ಡ್‌ಗಳನ್ನಂತೂ ಎಷ್ಟೋ ಸಲ ಜೆಲ್ಲಿಯಂಥ ರಾಳದಲ್ಲಿ ಮುಳುಗಿಸಿರುತ್ತಾರೆ. ಅದನ್ನು ಬ್ಲೇಡ್ ಅಥವಾ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಐರನ್‌ನಿಂದ ಸುಡಬೇಡಿ, ಆ ಹೊಗೆ ಬಹಳ ಕೆಟ್ಟದ್ದು.

ಏನೇನು ಬೇಕು

ಬಿಸಿ ಹೊಂದಿಸಲು ಬರುವ 60 ವಾಟ್‌ನ ಐರನ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕಿಂತ ಮುಖ್ಯ ಟಿಪ್. ಪೆನ್ಸಿಲ್ ಮೊನೆಯಂಥ ಚೂಪು ಟಿಪ್ ನೋಡಲು ಚೆಂದ, ಈ ಕೆಲಸಕ್ಕೆ ದಂಡ. ಉಳಿಯ ಬಾಯಿಯಂತೆ ಚಪ್ಪಟೆಯಾದ, ಎರಡೂವರೆ ಮಿಲಿಮೀಟರ್ ಅಗಲದ ಟಿಪ್ ತೆಗೆದುಕೊಳ್ಳಿ. ಗ್ರೌಂಡ್ ಪಿನ್‌ಗೆ ಅದಕ್ಕೂ ಅಗಲದ್ದಾದರೆ ಇನ್ನೂ ಒಳ್ಳೆಯದು. ದೋಸೆ ಹಂಚಿನ ಅಗಲ ನೋಡಿ ಹಿಟ್ಟು ಹುಯ್ಯುತ್ತೇವಲ್ಲ, ಇದೂ ಅಷ್ಟೇ.

ಜೊತೆಗೆ ಸೀಸ ಇರುವ ಸೋಲ್ಡರ್ ತಂತಿ, ಸೋಲ್ಡರ್ ಹೀರುವ ಪಂಪ್, ಡಿಸೋಲ್ಡರ್ ವಿಕ್ ಅಂದರೆ ಹೆಣೆದ ತಾಮ್ರದ ಪಟ್ಟಿ, ಮತ್ತು ಫ್ಲಕ್ಸ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಬೇರೆ ಊರಿನವರು ಟಿವಿ ರಿಪೇರಿ ಮಾಡುವವರನ್ನು ಕೇಳಿದರೆ ಎಲ್ಲಿಂದ ತರಿಸಬೇಕು ಎಂದು ಹೇಳುತ್ತಾರೆ. ವಿಕ್ ಸಿಗಲಿಲ್ಲವಾ? ಹಳೇ ಆಡಿಯೊ ಕೇಬಲ್‌ನ ಸಿಪ್ಪೆ ಸುಲಿದು ಒಳಗಿನ ತಾಮ್ರದ ಹೆಣಿಗೆ ತೆಗೆಯಿರಿ, ಫ್ಲಕ್ಸ್ ಸವರಿ. ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಫ್ಲಕ್ಸ್ ಬಗ್ಗೆ ಎರಡು ಮಾತು. ಹಿಂದೆ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಿದ್ದರು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ಒಂಚೂರು ತವರ ತಾಗಿಸಿ ಬಟ್ಟೆಯಿಂದ ಉಜ್ಜಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ನವಸಾಗರ ಹಾಕದಿದ್ದರೆ ತವರ ಪಾತ್ರೆಗೆ ಹಿಡಿಯುವುದೇ ಇಲ್ಲ, ಮಣಿಮಣಿಯಾಗಿ ಉರುಳುತ್ತದೆ. ಕಿಲುಬು ತಿಂದು ಲೋಹವನ್ನು ಬೆತ್ತಲು ಮಾಡುವುದೇ ಅದರ ಕೆಲಸ. ಬೋರ್ಡ್ ಮೇಲೆ ಅದೇ ಕೆಲಸವನ್ನು ಫ್ಲಕ್ಸ್ ಮಾಡುತ್ತದೆ. ಆದರೆ ಇಲ್ಲಿ ನವಸಾಗರವಾಗಲಿ, ತಗಡಿನ ಕೆಲಸದವರ ಆಸಿಡ್ ಆಗಲಿ ಬೇಡ, ತಾಮ್ರವನ್ನೇ ತಿಂದುಹಾಕುತ್ತವೆ. ಪೈನ್ ಮರದ ರಾಳದಿಂದ ಮಾಡಿದ ರೋಸಿನ್ ಫ್ಲಕ್ಸ್ ಕೇಳಿ ತನ್ನಿ.

ಶುರು ಮಾಡುವ ಮುಂಚೆ

ಕರೆಂಟ್ ಪ್ಲಗ್ ಕಿತ್ತಿಡಿ. ಮದರ್‌ಬೋರ್ಡ್ ಆದರೆ ಗುಂಡಿಯಂಥ ಸೆಲ್ಲನ್ನೂ ತೆಗೆಯಿರಿ.

ಟಿವಿ, ಯುಪಿಎಸ್ ಅಥವಾ ಕಂಪ್ಯೂಟರ್ ಪವರ್ ಸಪ್ಲೈ ಬೋರ್ಡ್ ಆದರೆ ಇಲ್ಲಿ ಸ್ವಲ್ಪ ನಿಲ್ಲಿ. 230 ವೋಲ್ಟ್‌ನ ಮನೆ ಕರೆಂಟು (ಎಸಿ) ಡಿಸಿಯಾಗಿ ಬದಲಾದಾಗ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಶೂರರಿದ್ದಾರೆ, ನೀವು ಹಾಗೆ ಮಾಡಬೇಡಿ. ಹೋಲ್ಡರ್‌ಗೆ ಹಾಕಿದ ಹಳೇ ಫಿಲಮೆಂಟ್ ಬಲ್ಬಿನ ಎರಡು ತಂತಿಗಳನ್ನು ಕೆಪಾಸಿಟರ್‌ನ ಎರಡು ಕಾಲಿಗೆ ಮುಟ್ಟಿಸಿ. ತಂತಿಯ ತುದಿಗೆ ಬೆರಳು ತಾಗಬಾರದು. ಎಲ್‌ಇಡಿ ಬಲ್ಬು ಇದಕ್ಕೆ ಆಗುವುದಿಲ್ಲ. ಆಮೇಲೆ ಮಲ್ಟಿಮೀಟರ್‌ನಲ್ಲಿ ನೋಡಿ, ಸೊನ್ನೆ ಹತ್ತಿರ ಬಂದಿದ್ದರೆ ಮಾತ್ರ ಮುಂದಕ್ಕೆ. ಇದೆಲ್ಲ ಹೊಸದಾದರೆ ಮೊದಲ ಪಾಠಕ್ಕೆ ಇಂಥ ಬೋರ್ಡ್ ಬೇಡ, ಗುಜರಿಗೆ ಹೋಗುವ ರೇಡಿಯೊ ಬೋರ್ಡ್ ಹಿಡಿಯಿರಿ.

ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೆಪಾಸಿಟರ್‌ನ ಜಾಗದಲ್ಲಿ ಅರ್ಧ ಬಣ್ಣ ತುಂಬಿರುತ್ತಾರೆ. ಕೆಲವರು ಆ ಕಡೆ ಮೈನಸ್ ಎಂದು ಲೆಕ್ಕ ಹಿಡಿದಿರುತ್ತಾರೆ, ಕೆಲವರು ಪ್ಲಸ್ ಎಂದು. ನೆನಪನ್ನು ನಂಬಬೇಡಿ.

ಹೊಸದು ಹಾಕಿ, ಹಳೆಯದನ್ನು ಎಬ್ಬಿಸಿ

ಐರನ್ 350 ಡಿಗ್ರಿಗೆ ಇಡಿ. ಕಾದ ಮೇಲೆ ಟಿಪ್ ಅನ್ನು ಒದ್ದೆ ಸ್ಪಂಜಿಗೆ ಒರೆಸಿ. ಸ್ಪಂಜು ಒದ್ದೆಯಾಗಿರಬೇಕು, ನೀರು ಸೋರುವಂತಿರಬಾರದು. ಒರೆಸಿದ ತಕ್ಷಣ ಟಿಪ್‌ಗೆ ಚೂರು ಹೊಸ ಸೋಲ್ಡರ್ ತಾಗಿಸಿ. ಟಿಪ್ ಕನ್ನಡಿಯಂತೆ ಹೊಳೆಯಬೇಕು. ಸೋಲ್ಡರ್ ಹಿಡಿಯದೆ ಉಂಡೆಯಾಗಿ ಜಾರಿ ಬಿದ್ದರೆ, ಟಿಪ್ ಕಪ್ಪಾಗಿದೆ ಎಂದರ್ಥ. ಅಂಥ ಟಿಪ್‌ನಿಂದ ಬೆಳಗಿನ ತನಕ ಒತ್ತಿದರೂ ಏನೂ ಆಗದು. ಹಿತ್ತಾಳೆ ನಾರಿನಲ್ಲಿ ತಿಕ್ಕಿ, ಫ್ಲಕ್ಸ್ ಹಚ್ಚಿ, ಮತ್ತೆ ಸೋಲ್ಡರ್ ಹಿಡಿಸಿ. ಅರ ಹಾಕಿ ಉಜ್ಜಬೇಡಿ. ಒಳ್ಳೆಯ ಟಿಪ್‌ಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪ ಇರುತ್ತದೆ, ಅದು ಹೋದರೆ ಟಿಪ್ ಮುಗಿಯಿತು. ಅಗ್ಗದ ಐರನ್‌ಗಳ ಬರೀ ತಾಮ್ರದ ಬಿಟ್ ಆದರೆ ಮಾತ್ರ ಅರ ಹಾಕಬಹುದು.

ಈಗ ಜಾಯಿಂಟ್‌ಗೆ ಫ್ಲಕ್ಸ್ ಹಚ್ಚಿ. ಟಿಪ್‌ನ ಚಪ್ಪಟೆ ಮೈ ಪ್ಯಾಡ್‌ಗೂ ಕಾಲಿಗೂ ಒಟ್ಟಿಗೆ ತಾಗುವಂತೆ ಇಡಿ. ಟಿಪ್ ಮತ್ತು ಕಾಲು ಸೇರುವ ಸಂದಿಗೆ ಹೊಸ ಸೋಲ್ಡರ್ ತಂತಿ ತಾಗಿಸಿ. ಇಲ್ಲಿ ಕಣ್ಣು ಕೀಳಬೇಡಿ. ಮೊದಲು ಹೊಸ ಸೋಲ್ಡರ್ ಮಾತ್ರ ಕರಗಿ ಒಂದು ಹನಿಯಾಗಿ ನಿಲ್ಲುತ್ತದೆ. ಹಳೆಯದು ಅದರ ಕೆಳಗೆ ಬೂದು ಬಣ್ಣದ ದಿಬ್ಬದ ಹಾಗೆ ಸುಮ್ನೆ ಕೂತಿರುತ್ತದೆ. ಒಂದೆರಡು ಸೆಕೆಂಡ್ ಕಳೆದರೆ ದಿಬ್ಬದ ಅಂಚು ಕುಸಿಯುತ್ತದೆ. ಇದ್ದಕ್ಕಿದ್ದಂತೆ ಎರಡೂ ಒಂದಾಗಿ, ಇಡೀ ಜಾಯಿಂಟ್ ಪಾದರಸದಂತೆ ಮಿನುಗಿ ಕಾಲಿನ ಸುತ್ತ ಹರಡುತ್ತದೆ. ಈಗ ಅದು ಪೂರ್ತಿ ಕರಗಿದೆ.

ಆಗಿದ್ದೇನು? ಕರಗಿದ ಹನಿ ಟಿಪ್‌ಗೂ ಜಾಯಿಂಟ್‌ಗೂ ನಡುವೆ ಸೇತುವೆ ಕಟ್ಟಿತು, ಬಿಸಿ ದಾಟಲು ಜಾಗ ಸಿಕ್ಕಿತು. ತಂತಿಯೊಳಗಿನ ಫ್ಲಕ್ಸ್ ಕಿಲುಬು ತೆಗೆಯಿತು. ಸೀಸ ಬೆರೆತದ್ದರಿಂದ ಹಳೇ ಸೋಲ್ಡರ್ ಕರಗುವ ಬಿಸಿಯೂ ಇಳಿಯಿತು. ಒಂದು ಹನಿಯಿಂದ ಮೂರು ಕೆಲಸ.

ಎರಡು ಕಾಲಿನ ಕೆಪಾಸಿಟರ್‌ಗೆ ಪಂಪ್ ಕೂಡ ಬೇಕಿಲ್ಲ. ಎರಡೂ ಕಾಲಿಗೆ ಹೊಸ ಸೋಲ್ಡರ್ ಹಾಕಿಟ್ಟುಕೊಳ್ಳಿ. ಒಂದು ಕಾಲು ಕರಗಿಸಿ, ಆ ಕಡೆಯಿಂದ ಕೆಪಾಸಿಟರ್ ಅನ್ನು ಚೂರು ವಾಲಿಸಿ. ಅದು ಒಂದು ಮಿಲಿಮೀಟರ್ ಮೇಲೆ ಬರುತ್ತದೆ. ಐರನ್ ಪಕ್ಕದ ಕಾಲಿಗೆ, ಕೆಪಾಸಿಟರ್ ಈ ಕಡೆಗೆ. ಸಡಿಲವಾದ ಹಲ್ಲು ಅಲ್ಲಾಡಿಸಿದ ಹಾಗೆ ಮೂರ್ನಾಲ್ಕು ಸಲ ಮಾಡಿದರೆ ತಾನಾಗಿ ಕಳಚಿಕೊಳ್ಳುತ್ತದೆ. ಎಳೆಯಬೇಕು ಅನ್ನಿಸಿದರೆ ಇನ್ನೂ ಕರಗಿಲ್ಲ ಎಂದರ್ಥ. ಕೈ ಬಿಡಿ, ಆರಲು ಬಿಡಿ, ಮತ್ತೆ ಶುರು ಮಾಡಿ. ಒಂದೇ ಕಡೆ ಐದಾರು ಸೆಕೆಂಡಿಗಿಂತ ಜಾಸ್ತಿ ಹೊತ್ತು ಟಿಪ್ ಇಡಬೇಡಿ. ಪ್ಯಾಡ್ ಬೋರ್ಡಿಗೆ ಅಂಟಿಕೊಂಡಿರುವುದು ಅಂಟಿನಿಂದಲೇ, ಅದೂ ಬಿಸಿಗೆ ಸಡಿಲವಾಗುತ್ತದೆ. ಕೆಪಾಸಿಟರ್ ಸುಡುತ್ತದೆ, ಬಟ್ಟೆ ಹಿಡಿದು ಅಲ್ಲಾಡಿಸಿ.

ಗ್ರೌಂಡ್ ಪಿನ್ ಬಗ್ಗದಿದ್ದರೆ

ಇಷ್ಟೆಲ್ಲ ಮಾಡಿದರೂ ಗ್ರೌಂಡ್ ಕಾಲು ಜಗ್ಗುವುದಿಲ್ಲ ಅಂತಿಟ್ಟುಕೊಳ್ಳಿ. ಆಗ ಕೈ 450 ಡಿಗ್ರಿ ಕಡೆಗೆ ಹೋಗುತ್ತದೆ. ತಡೆಯಿರಿ. ಆ ಬಿಸಿಗೆ ಫ್ಲಕ್ಸ್ ಕ್ಷಣದಲ್ಲಿ ಸುಟ್ಟು ಕರಿಯಾಗುತ್ತದೆ, ಟಿಪ್ ಕಪ್ಪಾಗುತ್ತದೆ, ಸಣ್ಣ ಪ್ಯಾಡ್‌ಗಳು ಏಳುತ್ತವೆ. ಮೊದಲು ಅಗಲದ ಟಿಪ್ ಹಾಕಿ. ಬಿಸಿಯನ್ನು 380ರವರೆಗೆ ಏರಿಸಬಹುದು, ಅದೂ ಆ ಒಂದು ಕಾಲಿಗೆ ಮಾತ್ರ.

ಅದಕ್ಕೂ ಬಗ್ಗದಿದ್ದರೆ ಬೋರ್ಡನ್ನೇ ಬೆಚ್ಚಗೆ ಮಾಡಿ. ಹಾಟ್ ಏರ್ ಗನ್ ಇದ್ದರೆ ಕಡಿಮೆ ಬಿಸಿಯಲ್ಲಿ, ದೂರದಿಂದ, ಆ ಜಾಗದ ಸುತ್ತ ಆಡಿಸುತ್ತಾ 80ರಿಂದ 100 ಡಿಗ್ರಿಗೆ ತನ್ನಿ. ಹೇರ್ ಡ್ರೈಯರ್ ಕೂಡ ಸ್ವಲ್ಪ ಮಟ್ಟಿಗೆ ಕೈ ಹಿಡಿಯುತ್ತದೆ. ಸುತ್ತಲಿನ ತಾಮ್ರ ಮೊದಲೇ ಬೆಚ್ಚಗಿದ್ದರೆ ಐರನ್‌ನ ಬಿಸಿ ಕದಿಯುವುದಿಲ್ಲ. ನನ್ನ ಅನುಭವದಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರಿಲ್ಲ. ಇನ್ನೊಬ್ಬರ ಸಹಾಯ ಇದ್ದರೆ ಎರಡು ಐರನ್, ಬೋರ್ಡಿನ ಎರಡು ಬದಿಯಿಂದ ಒಂದೇ ಕಾಲಿಗೆ. ಬೋರ್ಡನ್ನು ಹಿಡಿಕೆಯಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಇದು ಸುಲಭ.

ತೂತು ತೆರವು ಮಾಡುವುದು

ಕೆಪಾಸಿಟರ್ ಬಂತು, ತೂತು ಮುಚ್ಚಿಕೊಂಡಿದೆ. ಮತ್ತೆ ಅದೇ ಗ್ರೌಂಡ್ ತೂತು ಕಾಟ ಕೊಡುತ್ತದೆ.

ಪಂಪ್ ಬಳಸುವವರು ಸಾಮಾನ್ಯವಾಗಿ ಮಾಡುವ ತಪ್ಪು: ಕರಗಿಸುತ್ತಾರೆ, ಐರನ್ ತೆಗೆಯುತ್ತಾರೆ, ಪಂಪ್ ತರುತ್ತಾರೆ. ಅಷ್ಟರಲ್ಲಿ ಸೋಲ್ಡರ್ ಆರಿ ಹೋಗಿರುತ್ತದೆ. ಬೋರ್ಡನ್ನು ನೆಟ್ಟಗೆ ನಿಲ್ಲಿಸಿ. ಈ ಬದಿಯಿಂದ ಐರನ್, ಆ ಬದಿಯಿಂದ ಪಂಪ್‌ನ ಮೂತಿ. ಸೋಲ್ಡರ್ ಆ ಬದಿಯಲ್ಲೂ ಮಿನುಗಿದಾಗ ಗುಂಡಿ ಒತ್ತಿ. ಪಂಪ್ ಮೂತಿಗೆ ಸಣ್ಣ ತುಂಡು ಸಿಲಿಕೋನ್ ಟ್ಯೂಬ್ ಸಿಕ್ಕಿಸಿದರೆ ಗಾಳಿ ಸೋರುವುದಿಲ್ಲ, ಹೀರುವ ಬಲ ಜಾಸ್ತಿಯಾಗುತ್ತದೆ. ಅರ್ಧ ಮಾತ್ರ ಬಂದರೆ, ಉಳಿದ ತೆಳು ಪದರವನ್ನು ಕೆದಕುತ್ತಾ ಕೂರಬೇಡಿ. ತೂತಿಗೆ ಮತ್ತೆ ಹೊಸ ಸೋಲ್ಡರ್ ತುಂಬಿ, ಮತ್ತೆ ಹೀರಿ. ಎರಡನೇ ಸಲ ಪೂರ್ತಿ ಬರುತ್ತದೆ.

ವಿಕ್ ಆದರೆ ಅದನ್ನು ಪ್ಯಾಡ್ ಮೇಲಿಟ್ಟು, ಫ್ಲಕ್ಸ್ ಹಚ್ಚಿ, ಅದರ ಮೇಲೆ ಟಿಪ್ ಇಡಿ. ಉಜ್ಜಬೇಡಿ, ಕಾಯಿರಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಸೋಲ್ಡರ್ ಮೇಲಕ್ಕೆ ಏರಿ ತಾಮ್ರದ ಬಣ್ಣ ಬೆಳ್ಳಗಾಗುತ್ತದೆ. ಆಗ ಟಿಪ್, ವಿಕ್ ಎರಡನ್ನೂ ಒಟ್ಟಿಗೆ ಎತ್ತಿ. ಟಿಪ್ ಮೊದಲು ಎತ್ತಿದರೆ ವಿಕ್ ಪ್ಯಾಡ್‌ಗೆ ಅಂಟಿಕೊಳ್ಳುತ್ತದೆ, ಎಳೆದರೆ ಪ್ಯಾಡ್ ಕಿತ್ತುಬರುತ್ತದೆ. ಬೆಳ್ಳಗಾದ ತುದಿಯನ್ನು ಆಗಾಗ ಕತ್ತರಿಸಿ.

ಇಂಜೆಕ್ಷನ್ ಸೂಜಿಯದೂ ಒಂದು ಉಪಾಯ ಇದೆ. ಅದು ಸ್ಟೇನ್‌ಲೆಸ್ ಸ್ಟೀಲ್, ಸೋಲ್ಡರ್ ಅದಕ್ಕೆ ಅಂಟುವುದಿಲ್ಲ. ಮೆಡಿಕಲ್ ಶಾಪಿನಿಂದ ಹೊಸ ಸೂಜಿ ತಂದು, ಮೊನೆ ಉಜ್ಜಿ ಮೊಂಡು ಮಾಡಿ. ಸೋಲ್ಡರ್ ಕರಗಿರುವಾಗ ತೂತಿಗೆ ಮೆಲ್ಲಗೆ ತೂರಿಸಿ, ಐರನ್ ತೆಗೆದು, ತಿರುಗಿಸುತ್ತಾ ಆರಲು ಬಿಡಿ. ತೂತು ದುಂಡಗೆ ಉಳಿಯುತ್ತದೆ. ಸೂಜಿ ಇಲ್ಲದಿದ್ದರೆ ಟೂತ್‌ಪಿಕ್. ಸೋಲ್ಡರ್ ಕರಗಿಸಿ ಬೋರ್ಡನ್ನು ಮೇಜಿಗೆ ಕುಟ್ಟಿ ಹಾರಿಸುವವರೂ ಇದ್ದಾರೆ. ಕೆಲಸವೇನೋ ಆಗುತ್ತದೆ, ಆದರೆ ಕರಗಿದ ಲೋಹದ ಹನಿ ಎಲ್ಲಿಗೆ ಹಾರುತ್ತದೆ ಎಂದು ಯಾರಿಗೆ ಗೊತ್ತು? ನಾನಂತೂ ಮಾಡುವುದಿಲ್ಲ.

ಹತ್ತಾರು ಕಾಲಿನ ಐಸಿ

ಐಸಿ, ಅಂದರೆ ಹಲವು ಕಾಲಿನ ಚಿಪ್, ಕೆಟ್ಟಿದೆ ಎಂದು ಖಚಿತವಾದರೆ ಅದನ್ನು ಉಳಿಸುವ ಹಟ ಬೇಡ. ಸಣ್ಣ ಕಟ್ಟರ್‌ನಿಂದ ಎಲ್ಲ ಕಾಲು ಮೈಯ ಹತ್ತಿರ ಕತ್ತರಿಸಿ, ಮೈ ಎತ್ತಿಡಿ. ಉಳಿದ ಕಾಲುಗಳನ್ನು ಒಂದೊಂದಾಗಿ ಕರಗಿಸಿ ಚಿಮಟದಿಂದ ತೆಗೆಯಿರಿ. ಬೋರ್ಡ್ ಮುಖ್ಯ, ಐಸಿ ಅಲ್ಲ.

ಮೇಲ್ಮೈಗೆ ಕೂರಿಸಿದ ಎಂಟು ಕಾಲಿನ ಸಣ್ಣ ಐಸಿಯಾದರೆ, ಎರಡೂ ಸಾಲಿನ ಕಾಲುಗಳ ಮೇಲೆ ಧಾರಾಳವಾಗಿ ಸೋಲ್ಡರ್ ಸುರಿದು ಎರಡು ದಿಣ್ಣೆ ಕಟ್ಟಿ. ಅಗಲದ ಟಿಪ್ ಅನ್ನು ಈ ದಿಣ್ಣೆಗೆ, ಆ ದಿಣ್ಣೆಗೆ ಬೇಗ ಬೇಗ ತಾಗಿಸುತ್ತಿದ್ದರೆ ಎರಡೂ ಕರಗಿಯೇ ಇರುತ್ತವೆ, ಐಸಿ ತೇಲುತ್ತದೆ. ಪಕ್ಕಕ್ಕೆ ತಳ್ಳಿ, ಉಳಿದ ಸೋಲ್ಡರ್ ವಿಕ್‌ನಿಂದ ಒರೆಸಿ. ಸಣ್ಣ ರೆಸಿಸ್ಟರ್‌ಗೂ ಇದೇ ದಾರಿ.

ಬಿಸ್ಮತ್ ಎಂಬ ಲೋಹ ಬೆರೆಸಿದ ಸೋಲ್ಡರ್ ಕೂಡ ಸಿಗುತ್ತದೆ. 58 ಭಾಗ ಬಿಸ್ಮತ್, 42 ಭಾಗ ತವರದ್ದು 138 ಡಿಗ್ರಿಗೇ ಕರಗುತ್ತದೆ. ಅದನ್ನು ಹಳೇ ಸೋಲ್ಡರ್‌ಗೆ ಬೆರೆಸಿದರೆ ಮಿಶ್ರಣ ಬಹಳ ಹೊತ್ತು ನೀರಾಗಿಯೇ ಇರುತ್ತದೆ, ನಾಜೂಕು ಬೋರ್ಡ್‌ಗಳಿಗೆ ವರದಾನ. ಆದರೆ ಕೆಲಸ ಮುಗಿದ ಮೇಲೆ ಚೂರೂ ಬಿಡದೆ ತೆಗೆಯಬೇಕು. ಸೀಸ, ತವರ, ಬಿಸ್ಮತ್ ಮೂರೂ ಸೇರಿದರೆ 100 ಡಿಗ್ರಿಯ ಒಳಗೇ ಕರಗುವ ಮಿಶ್ರಣ ಆಗಬಹುದು. ಬಿಸಿಯಾಗುವ ಭಾಗದ ಕೆಳಗೆ ಅದು ಉಳಿದರೆ ಹೊಸ ಜಾಯಿಂಟ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕೊನೆಗೆ ತೊಳೆದು ನೋಡಿ

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಫ್ಲಕ್ಸ್ ತೊಳೆಯಿರಿ. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡ, ಎಷ್ಟೋ ಪ್ಲಾಸ್ಟಿಕ್‌ಗಳನ್ನು ಕರಗಿಸಿಬಿಡುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ತೂತು ನೋಡಿ, ಒಳಗೆ ಸುತ್ತಲೂ ಲೋಹದ ಹೊಳಪು ಇರಬೇಕು. ಮಲ್ಟಿಮೀಟರ್‌ನ ಬೀಪ್ ಹಾಕಿ ಪ್ಯಾಡ್‌ಗೂ ಅದು ಹೋಗಬೇಕಾದ ಜಾಗಕ್ಕೂ ಸಂಪರ್ಕ ಇದೆಯಾ, ಪಕ್ಕದ ಪ್ಯಾಡ್‌ಗೆ ತಾಗಿಲ್ಲ ತಾನೇ ಎಂದು ನೋಡಿ.

ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಈ ಬಿಸಿಗೆ ಸೀಸ ಆವಿಯಾಗಿ ಮೂಗಿಗೆ ಬರುವುದಿಲ್ಲ, ಬರುವುದು ಫ್ಲಕ್ಸ್‌ನ ಹೊಗೆ. ಉಬ್ಬಸ ಇರುವವರಿಗೆ ಅದೇ ಸಾಕು. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ನಡುವೆ ಕಡಲೆಕಾಯಿ ತಿನ್ನಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪಂಪ್‌ನಿಂದ ಉದುರಿದ ಪುಡಿಯನ್ನು ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯದ ಜೊತೆ ಕೊಡಿ.

ಪ್ಯಾಡ್ ಎದ್ದೇಬಿಟ್ಟರೆ? ನನ್ನ ಮದರ್‌ಬೋರ್ಡ್‌ಗೆ ಆದದ್ದು ಅದೇ. ಕಿತ್ತುಹೋದದ್ದು ಗ್ರೌಂಡ್ ಆದ್ದರಿಂದ ಬದುಕಿಕೊಂಡೆ, ಗ್ರೌಂಡ್ ಬೋರ್ಡಿನ ಎಲ್ಲ ಕಡೆಯೂ ಸಿಗುತ್ತದೆ. ಹತ್ತಿರದ ಸ್ಕ್ರೂ ತೂತಿನ ಪಕ್ಕ ಹಸಿರು ಬಣ್ಣವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಕೆಳಗಿನ ತಾಮ್ರ ಕಂಡಿತು. ಫ್ಲಕ್ಸ್ ಹಚ್ಚಿ, ಸೋಲ್ಡರ್ ಹಿಡಿಸಿ, ಹೊಸ ಕೆಪಾಸಿಟರ್‌ನ ಮೈನಸ್ ಕಾಲಿನಿಂದ ಅಲ್ಲಿಗೆ ಎರಡು ಸೆಂಟಿಮೀಟರ್‌ನ ಹಳದಿ ತಂತಿ ಎಳೆದೆ. ಬೋರ್ಡಿನ ಬೆನ್ನ ಮೇಲೆ ಅದು ಇವತ್ತಿಗೂ ಹಾಗೇ ಇದೆ.